ಕೊಡದ ನೀರು ನಡುಗಿತು

"ನಿನ್ನ ಡಬ್ಬಿ ಸುಳ್ಳು ಹೇಳಂಗಿಲ್ಲ ಅಂದ್ರ, ನಮ್ಮಪ್ಪ ಹೇಳ್ತಾನೇನು?"

ದಾನೇಶ್ವರಿ ಸುಜನ್‌ನನ್ನು ಹೀಗೆ ಪ್ರಶ್ನಿಸಿದ್ದು ವಾಶಿಯ ಕಚೇರಿಯೊಂದರ ಮೂರನೇ ಮಹಡಿಯಲ್ಲಿ, ಆರು ಜನರ ಎದುರಿಗೆ. ಅವಳ ಕೈಯಲ್ಲಿ ಮುದುಡಿದ ಎರಡು ಹಾಳೆಗಳಿದ್ದವು. ಅದರ ಕೆಳಗೆ ಸುಜನ್‌ನ ಸಹಿ ಇತ್ತು. ಮುಂದಿನ ವೈಶಾಖದಲ್ಲಿ ಅವಳನ್ನು ಮದುವೆಯಾಗಬೇಕಾಗಿದ್ದ ಸುಜನ್.

ಅವನು ಕುರ್ಚಿಯಿಂದ ಎದ್ದು ನಿಂತ. ಮುಖ ಬೆಳ್ಳಗಾಗಿತ್ತು.

"ದಾನಿ, ಹೊರಗೆ ಹೋಗಿ ಮಾತಾಡುವ."

"ಒಳಗ ಕುಂತು ಬರ್ದಿ. ಹೊರಗ್ಯಾಕ ಮಾತಾಡ್ತಿ?"

"ನಾನು ಅದರಲ್ಲಿ ಯಾರ ಹೆಸರೂ ಬರೆದಿಲ್ಲ ಮಾರಾಯ್ತಿ."

"ಆ ಗ್ವಾಡಿ ಕಟ್ಟಿದಾವ ಒಬ್ಬನ ಇದ್ದ. ಅವನ ಹೆಸರು ಬ್ಯಾರೆ ಬರೀಬೇಕೇನು?"

ಯಾರೋ ಕೆಮ್ಮಿದರು. ಇನ್ನೊಬ್ಬರು ಕಂಪ್ಯೂಟರಿನ ಕಡೆ ಮುಖ ತಿರುಗಿಸಿಕೊಂಡರು. ಸುಜನ್‌ನ ಕಿವಿ ಕೆಂಪಾಯಿತು. ಅವಮಾನವಾದಾಗ ಗಂಡಸರಿಗೆ ಬರುವ ಆ ಒಣ ಧೈರ್ಯ ಅವನಿಗೂ ಬಂತು.

"ಲೆಕ್ಕ ಅಂದ್ರೆ ಲೆಕ್ಕ. ಅದಕ್ಕೆ ನಿನ್ನ ಅಪ್ಪ, ನನ್ನ ಅಪ್ಪ ಅಂತ ಉಂಟಾ?"

ದಾನೇಶ್ವರಿ ಅವನನ್ನು ಒಂದು ಕ್ಷಣ ನೋಡಿದಳು. ಹಾಳೆಗಳನ್ನು ಅವನ ಮೇಜಿನ ಮೇಲೆ ಇಟ್ಟಳು. ಎಸೆಯಲಿಲ್ಲ, ಇಟ್ಟಳು.

"ಹಂಗಾದ್ರ ಲೆಕ್ಕದ ಕೂಡನ ಲಗ್ನ ಆಗು."

ಲಿಫ್ಟಿಗೆ ಕಾಯದೆ ಮೆಟ್ಟಿಲು ಇಳಿದು ಹೋದಳು. ಕೆಳಗೆ ರಸ್ತೆ ದಾಟುವವರೆಗೂ ಅಳಬಾರದು ಎಂದುಕೊಂಡಿದ್ದಳು. ದಾಟಲು ಆಗಲಿಲ್ಲ...

ನಡೆದದ್ದು ಇಷ್ಟು.

ಹನ್ನೆರಡು ದಿನದ ಹಿಂದೆ, ಬುಧವಾರ ಸಂಜೆ ನಾಲ್ಕೂ ಹತ್ತಕ್ಕೆ, ಠಾಣೆ ಜಿಲ್ಲೆಯ ಶಹಾಪುರದ ಆಚೆಯ ಗುಡ್ಡಗಳ ಅಡಿಯಲ್ಲಿ ಭೂಮಿ ಕಂಪಿಸಿತು. ದೊಡ್ಡದೇನಲ್ಲ. ಠಾಣೆ ಊರಿನಲ್ಲಿ ಕೆಲವರು ಫ್ಯಾನ್ ಅಲುಗಿತು ಎಂದರು, ವಾಶಿಯಲ್ಲಿ ಅನೇಕರಿಗೆ ತಿಳಿಯಲೇ ಇಲ್ಲ. ಆದರೆ ಡೊಂಬಿವಲಿ ಪಶ್ಚಿಮದಲ್ಲಿ, ಸಮುದ್ರದ ನೀರು ಒಳನುಗ್ಗುವ ಖಾಡಿಯ ಅಂಚಿನ ದೊಡ್ಡ ವಸತಿ ಸಂಕೀರ್ಣದ ಒಂಬತ್ತು ಅಡಿ ಎತ್ತರದ ಕಾಂಪೌಂಡ್ ಗೋಡೆ ಹೊರಗಡೆಗೆ ಮಗುಚಿಬಿತ್ತು. ಅದರ ನೆರಳಿನಲ್ಲಿ ಕೂತು ಕೂಲಿಯವರಿಗೆ ಜೋಳದ ರೊಟ್ಟಿ ಮಾರುತ್ತಿದ್ದ ಸಾಬವ್ವ ಅಡಿಯಲ್ಲಿ ಸಿಕ್ಕಿ ಸತ್ತಳು. ಒಲೆ ಇನ್ನೂ ಉರಿಯುತ್ತಿತ್ತಂತೆ.

ಎರಡು ವರ್ಷದ ಹಿಂದೆ ಆ ಗೋಡೆ ಕಟ್ಟಿದವನು ಯಂಕಪ್ಪ, ದಾನೇಶ್ವರಿಯ ತಂದೆ. ರಾಯಚೂರು ಕಡೆಯ ಮೇಸ್ತ್ರಿ. ಹೆಂಡತಿ ತೀರಿಕೊಂಡ ಮೇಲೆ ಮಗಳೊಬ್ಬಳನ್ನೇ ಕಟ್ಟಿಕೊಂಡು ಬದುಕಿದವನು. ಮೂವತ್ತು ವರ್ಷದಲ್ಲಿ ಈ ಊರುಗಳಲ್ಲಿ ಅವನು ಕಟ್ಟಿದ ಗೋಡೆಗಳನ್ನು ಸಾಲಾಗಿ ನಿಲ್ಲಿಸಿದರೆ ಕಲ್ಯಾಣದಿಂದ ಮುಂಬ್ರಾ ಮುಟ್ಟುತ್ತವೆ ಎಂದು ಅವನ ಜೊತೆಯವರು ತಮಾಷೆ ಮಾಡುತ್ತಿದ್ದರು. ಈಗ ಯಾರೂ ತಮಾಷೆ ಮಾಡುತ್ತಿರಲಿಲ್ಲ.

ಗೋಡೆ ಬಿದ್ದದ್ದು ಭೂಕಂಪದಿಂದಲೋ, ಕಳಪೆ ಕೆಲಸದಿಂದಲೋ? ಪೊಲೀಸರು ಆ ಪ್ರಶ್ನೆಯನ್ನು ವಾಶಿಯ ಈ ಖಾಸಗಿ ಕಚೇರಿಗೆ ಕಳಿಸಿದರು. ಸುತ್ತಲಿನ ಗುಡ್ಡಗಳಲ್ಲಿ ಕಂಪನ ಅಳೆಯುವ ಯಂತ್ರ, ದಾನೇಶ್ವರಿ ಡಬ್ಬಿ ಅಂದದ್ದು, ಇಟ್ಟಿದ್ದವರು ಅವರೇ. ಉತ್ತರ ಬರೆದವನು ಸುಜನ್.

'ಆ ಸ್ಥಳದಲ್ಲಿ ಆಗಿರಬಹುದಾದ ಕಂಪನವು ಸರಿಯಾಗಿ ಕಟ್ಟಿದ ಗೋಡೆಯನ್ನು ಬೀಳಿಸುವಷ್ಟು ಇರಲಿಲ್ಲ. ಕಾರಣವನ್ನು ಕಟ್ಟಡ ಕೆಲಸದಲ್ಲಿಯೇ ಹುಡುಕಬೇಕು.'

ಎರಡು ಸಾಲು. ಒಬ್ಬ ಮನುಷ್ಯನ ಮೂವತ್ತು ವರ್ಷ ಅಷ್ಟರಲ್ಲಿ ಮುಗಿಯಿತು.

*

ಅವರು ಮೊದಲು ಭೇಟಿಯಾದದ್ದೂ ಜಗಳದಿಂದಲೇ.

ದಾನೇಶ್ವರಿ ಕಲ್ಯಾಣದ ಒಂದು ಶಾಲೆಯಲ್ಲಿ ಗುಮಾಸ್ತೆ. ಮೂರು ವರ್ಷದ ಹಿಂದೆ ಸುಜನ್ ಒಂದು ಯಂತ್ರದ ಪೆಟ್ಟಿಗೆ ಹೊತ್ತುಕೊಂಡು ಅಲ್ಲಿಗೆ ಬಂದ. ಶಾಲೆಯ ಹಿಂದೆ ಅದನ್ನು ಹೂಳಲು ಜಾಗ ಕೇಳಿದ. ಕೇಳಿದ ಮೇಲೆ ನೆಲ ಅಗೆದು ನೋಡಿ, ಇಲ್ಲಿ ಬಂಡೆ ಇಲ್ಲ, ಬೇಡ ಎಂದು ಹೊರಟ. ಅಗೆದ ಗುಂಡಿ ಮುಚ್ಚಿ ಹೋಗು ಎಂದು ಅವಳು ಗೇಟಿನಲ್ಲಿ ತಡೆದಳು. ಅವನು ಕೋಪರಖೈರಣೆಯಲ್ಲಿ ಹೋಟೆಲ್ ಇಟ್ಟಿದ್ದ ಉಡುಪಿ ಮನೆಯ ಹುಡುಗ. ಸಲಿಕೆ ಹಿಡಿಯಲು ಬರಲಿಲ್ಲ. ಅವಳೇ ಹಿಡಿದು ತೋರಿಸಿದಳು.

ಯಂತ್ರ ಪಾರಸಿಕ್ ಗುಡ್ಡದ ಬಂಡೆಯ ಮೇಲೆ ಹೋಯಿತು. ಸುಜನ್ ಮಾತ್ರ ಶಾಲೆಗೆ ಮತ್ತೆ ಮತ್ತೆ ಬಂದ, ಕೆಲಸವಿಲ್ಲದೆ.

ಯಾಕೆ ಬಂಡೆಯೇ ಬೇಕು ಎಂದು ಅವಳು ಒಮ್ಮೆ ಲೋಕಲ್ ಟ್ರೇನಿನಲ್ಲಿ ಕೇಳಿದಳು. ಅವನು ಖುಷಿಯಿಂದ ವಿವರಿಸಿದ. ಮಣ್ಣಿನ ಮೇಲೆ ಲಾರಿ ಹೋದರೂ, ಬಸ್ ಹೋದರೂ ಯಂತ್ರ ಗಲಿಬಿಲಿಯಾಗುತ್ತದೆ. ಬಂಡೆಯ ಮೇಲೆ ಗೆರೆ ಶುದ್ಧವಾಗಿ ಬರುತ್ತದೆ. ಭೂಮಿ ಕಂಪಿಸಿದಾಗ ಎರಡು ಅಲೆ ಹೊರಡುತ್ತವೆ. ಒಂದು ಬೇಗ ಬಂದು ಮೆಲ್ಲಗೆ ತಟ್ಟುತ್ತದೆ, ಇನ್ನೊಂದು ತಡವಾಗಿ ಬಂದು ಬಲವಾಗಿ ಅಲ್ಲಾಡಿಸುತ್ತದೆ. ಎರಡರ ನಡುವಿನ ಸೆಕೆಂಡು ಎಣಿಸಿದರೆ ಕಂಪನ ಎಷ್ಟು ದೂರದಲ್ಲಿ ಹುಟ್ಟಿತು ಎಂದು ತಿಳಿಯುತ್ತದೆ. ಗೆರೆ ಎಷ್ಟು ಎತ್ತರ ಹಾರಿತು, ಅಲೆ ದಾರಿಯಲ್ಲಿ ಎಷ್ಟು ಸೊರಗಿತು, ಎರಡನ್ನೂ ಹಿಡಿದರೆ ಅದು ಎಷ್ಟು ದೊಡ್ಡದು ಎಂದು ತಿಳಿಯುತ್ತದೆ.

"ಮೊದಲನೇದು ನಿಮ್ಮಪ್ಪ, ಎರಡನೇದು ನಿಮ್ಮವ್ವ ಅನ್ನು," ಎಂದಳು ಅವಳು. ಮದುವೆಯ ಮಾತು ಎತ್ತಿದಾಗ ಅವನ ಅಪ್ಪ ಮೆಲ್ಲಗೆ ಗೊಣಗಿದ್ದೂ, ಆಮೇಲೆ ಅಮ್ಮ ಮನೆಯನ್ನೇ ಅಲ್ಲಾಡಿಸಿದ್ದೂ ಅವಳಿಗೆ ಗೊತ್ತಿತ್ತು.

ಅವನು ನಕ್ಕಿದ್ದ. ಆಗಲೇ ಅವಳು ಇನ್ನೊಂದು ಮಾತು ಹೇಳಿದಳು.

ಅವಳು ಹತ್ತು ವರ್ಷದವಳಿದ್ದಾಗ ಆ ಸಂಕೀರ್ಣದ ಮೊದಲ ಕಟ್ಟಡ ಏಳುತ್ತಿತ್ತು. ಅಪ್ಪ ಅಲ್ಲೇ, ಖಾಡಿಯ ಕಡೆ ತಗಡಿನ ಶೆಡ್ ಹಾಕಿದ್ದ. ಅಪ್ಪ ಮಗಳು ಈಗ ಇರುವ ಚಾಳಿನ ಕೋಣೆಯೂ ಅಲ್ಲಿಂದ ದೂರವಿಲ್ಲ. "ದೂರದಾಗ ಮಾಲಗಾಡಿ ಹೋದ್ರ ಸಾಕು, ನಮ್ಮ ಕೊಡದಾಗಿನ ನೀರು ನಡಗ್ತದ. ಈಗೂ ನಡಗ್ತದ. ನೆಲದ ಕೆಳಗ ಬರೇ ಕೆಸರು."

"ಒಳ್ಳೆಯದಾಯ್ತು. ಹಾಗಾದ್ರೆ ನನ್ನ ಯಂತ್ರ ಯಾಕೆ, ನಿನ್ನ ಕೊಡವೇ ಸಾಕು," ಎಂದು ಅವನು ಇನ್ನಷ್ಟು ನಕ್ಕ.

ನಕ್ಕು ಮರೆತ. ಅದೇ ಅವನು ಮಾಡಿದ ತಪ್ಪು. ವರದಿ ಬರೆಯುವಾಗ ಪಾರಸಿಕ್ ಗುಡ್ಡದ ಗೆರೆಯನ್ನು ಮುಂದಿಟ್ಟುಕೊಂಡ. ಬಂಡೆಯಲ್ಲಿ ಅಲೆ ಹೇಗೆ ಸೊರಗುತ್ತದೆಯೋ ಡೊಂಬಿವಲಿಯ ಖಾಡಿಯಲ್ಲೂ ಹಾಗೆಯೇ ಎಂದು ಹಿಡಿದ. ಖಾಡಿಯಲ್ಲಿ ಅವನ ಯಂತ್ರವೇ ಇರಲಿಲ್ಲ. ಕೆಸರನ್ನು ಎಂದೂ ಅಳೆಯದವರಿಗೆ ಕೆಸರು ಇದೆ ಎಂಬುದೇ ನೆನಪಿರುವುದಿಲ್ಲ.

*

ವರದಿ ಬಂದ ಮೇಲೆ ಪೊಲೀಸರು ಯಂಕಪ್ಪನನ್ನು ನಾಲ್ಕು ದಿನ ಸ್ಟೇಷನ್ನಿನಲ್ಲಿ ಕೂರಿಸಿದರು. ಹೊಡೆಯಲಿಲ್ಲ. ಸಿಮೆಂಟು ಎಷ್ಟು ಕದ್ದೆ ಎಂದು ಅದೇ ಪ್ರಶ್ನೆ ಕೇಳಿದರು. ಐದನೇ ದಿನ, ಊರು ಬಿಟ್ಟು ಹೋಗಬೇಡ ಎಂದು ಬಿಟ್ಟರು.

ಆರನೇ ದಿನ ಬೆಳಿಗ್ಗೆ ಅವನು ಚೀಲದಲ್ಲಿ ಕರಣಿ, ತೂಗುಗುಂಡು ಹಾಕಿಕೊಂಡು ನಾಕಾಕ್ಕೆ ಹೋದ. ಕೆಲಸದವರು ನಿಂತು ಕರೆಯುವವರಿಗೆ ಕಾಯುವ ಚೌಕ ಅದು. ಅವನು ಬಂದದ್ದು ನೋಡಿ ಪಕ್ಕದವರು ಎರಡು ಹೆಜ್ಜೆ ಸರಿದರು. ಹನ್ನೊಂದರವರೆಗೆ ನಿಂತ. ಮರುದಿನವೂ ನಿಂತ. ಸಾಬವ್ವನ ಗಂಡ ಸಿದ್ರಾಮ ವಾಶಿಯ ಸಗಟು ಮಾರುಕಟ್ಟೆಯಲ್ಲಿ ಮೂಟೆ ಹೊರುವವನು. ಅವನು ದಾರಿಯಲ್ಲಿ ಎದುರಾದಾಗ ಬೈಯಲೂ ಇಲ್ಲ, ಉಗುಳಲೂ ಇಲ್ಲ. ನೋಡದವನ ಹಾಗೆ ಹೋದ. ಯಂಕಪ್ಪನಿಗೆ ಅದೇ ಹೆಚ್ಚು ನೋಯಿತು.

ಮನೆಯಲ್ಲಿ ಅವನು ಮಾತು ಬಿಟ್ಟ. ಕರಣಿಯನ್ನು ತೊಳೆಯುತ್ತ ಕೂರುತ್ತಿದ್ದ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದ.

'ಅಪ್ಪಾ, ನೀ ಕಳಪೆ ಕೆಲಸ ಮಾಡಾವಲ್ಲ. ಇಡೀ ಜಗತ್ತು ಅಂದ್ರೂ ನಾ ನಂಬಂಗಿಲ್ಲ,' ಎಂದು ದಾನೇಶ್ವರಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಅವನ ಹೆಸರಿನ ಕಳಂಕ ತೊಳೆಯುವವರೆಗೆ ಮದುವೆಯೂ ಬೇಡ, ಏನೂ ಬೇಡ. ಅದೊಂದೇ ಅವಳಿಗೆ ಬೇಕಾಗಿದ್ದದ್ದು.

ಸುಜನ್‌ನ ಫೋನು ಬರುತ್ತಿತ್ತು. ಅವಳು ಎತ್ತುತ್ತಿರಲಿಲ್ಲ. ಎತ್ತದೆ, ಅದು ನಿಲ್ಲುವವರೆಗೂ ಅವನ ಹೆಸರನ್ನು ನೋಡುತ್ತ ಕೂರುತ್ತಿದ್ದಳು...

ಒಂದು ಸಂಜೆ ಸುಜನ್ ಠಾಣೆ ಸ್ಟೇಷನ್ನಿನ ಹತ್ತನೇ ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿಯುತ್ತ ನಿಂತಿದ್ದ. ಗಾಡಿಯೊಂದು ನಿಲ್ಲದೆ ಹಾದುಹೋಯಿತು. ಕಟ್ಟೆಯ ಮೇಲಿಟ್ಟ ಗ್ಲಾಸಿನಲ್ಲಿ ಚಹಾ ಸಣ್ಣಗೆ ನಡುಗಿತು.

ಅವನು ಅದನ್ನೇ ನೋಡಿದ.

'ಅಯ್ಯೋ ದೇವರೇ... ಅವಳು ಹೇಳಿದ್ದಳು. ನಾನು ನಕ್ಕಿದ್ದೆ!'

ಚಹಾ ಅಲ್ಲೇ ಬಿಟ್ಟ.

ಮರುದಿನ ಯಾರನ್ನೂ ಕೇಳದೆ ಕಚೇರಿಯಿಂದ ಒಂದು ಯಂತ್ರ ತಂದ. ಬಿದ್ದ ಗೋಡೆಯ ಪಕ್ಕದಲ್ಲಿ ತಾನೇ ಸಲಿಕೆ ಹಿಡಿದು ಗುಂಡಿ ತೋಡಿದ. ಎರಡು ಅಡಿಗೆ ಕಪ್ಪು ನೀರು ಒಸರಿತು. "ಕಾಯ್ ಶೋಧ್ತಾಯ್ ಸಾಹೇಬ್?" ಎಂದು ವಾಚ್‌ಮನ್ ಬಂದ. ಏನು ಹುಡುಕುತ್ತಿದ್ದೇನೆ ಎಂದು ಸುಜನ್ ಹೇಳಲು ಹೋಗಲಿಲ್ಲ.

ದಾನೇಶ್ವರಿಗೆ ಒಂದೇ ಸಂದೇಶ ಕಳಿಸಿದ. 'ನೀನು ಕೊಡದ ಮಾತು ಹೇಳಿದ್ದೆ. ನಾನು ಮರೆತೆ. ಈಗ ಖಾಡಿಯಲ್ಲಿ ಇದ್ದೇನೆ.'

ಉತ್ತರ ಬರಲಿಲ್ಲ. ಅವಳೇ ಬಂದಳು. ಸ್ವಲ್ಪ ದೂರದಲ್ಲಿ ಇಟ್ಟಿಗೆಯ ರಾಶಿಯ ಮೇಲೆ ಕೂತಳು.

"ಈಗ ಏನ್ ಮಾಡ್ತದ ಇದು?"

"ಕಾಯ್ತದೆ. ದೊಡ್ಡ ಕಂಪನ ಆದ ಮೇಲೆ ಅದೇ ಕಡೆಯಿಂದ ಸಣ್ಣ ಸಣ್ಣವು ಬರುವುದುಂಟು. ಒಂದು ಬಂದರೆ ಸಾಕು. ಗುಡ್ಡದ ಮೇಲೂ ಗೆರೆ ಬೀಳ್ತದೆ, ಇಲ್ಲಿಯೂ ಬೀಳ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಕೆಸರು ಎಷ್ಟು ಹೆಚ್ಚು ಕುಣಿಯಿತು ಅಂತ ತಿಳೀತದೆ."

"ಬರಲಿಲ್ಲಂದ್ರ?"

ಅವನು ಗುಂಡಿಗೆ ಬಾಗಿ ಯಂತ್ರವನ್ನು ಮತ್ತೊಮ್ಮೆ ಮಟ್ಟ ಮಾಡಿದ.

ಹತ್ತೊಂಬತ್ತು ದಿನ ಕಾದರು. ಶಾಲೆ ಬಿಟ್ಟ ಮೇಲೆ ಅವಳು ಬರುತ್ತಿದ್ದಳು, ಅವನು ವಾಶಿಯಿಂದ ಬರುತ್ತಿದ್ದ. ಬ್ಯಾಟರಿ ನೋಡುತ್ತಿದ್ದ. ಮಾತು ಕಡಿಮೆ. ಪ್ರೀತಿಸುವವರು ಸಮುದ್ರ ನೋಡುತ್ತ ಕೂರುತ್ತಾರೆ, ಪಾರ್ಕಿನಲ್ಲಿ ಕೂರುತ್ತಾರೆ. ಇವರು ಒಬ್ಬಳು ಸತ್ತ ಜಾಗದಲ್ಲಿ, ಭೂಮಿ ನಡುಗಲಿ ಎಂದು ಕಾಯುತ್ತ ಕೂತರು. ಸಾಬವ್ವನ ಒಲೆಯ ಮೂರು ಕಲ್ಲು ಇನ್ನೂ ಅಲ್ಲೇ ಚದುರಿ ಬಿದ್ದಿದ್ದವು.

"ಯಾವತ್ತೂ ಇಂಥಾದ್ದು ಬೇಡಿದ್ದಿಲ್ಲ ನಾ," ಎಂದಳು ಅವಳು ಒಂದು ದಿನ. "ಈಗ ದಿನಾ ಬೇಡಾಕತ್ತೀನಿ. ಪಾಪ ಹತ್ತತದೇನೋ."

ಅವನು ಕೈ ಚಾಚಿದ. ಅವಳು ಹಿಡಿಯಲಿಲ್ಲ. ಆದರೆ ಎದ್ದು ಹೋಗಲೂ ಇಲ್ಲ.

*

ಇಪ್ಪತ್ತನೇ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಅದು ಬಂತು. ಯಾರಿಗೂ ಗೊತ್ತಾಗದಷ್ಟು ಸಣ್ಣದು. ಚಾಳಿನಲ್ಲಿ ಯಂಕಪ್ಪನೊಬ್ಬನೇ ಇದ್ದ. ಗಾಡಿಯ ಸದ್ದಿಲ್ಲದೆ ಕೊಡದ ನೀರು ನಡುಗಿದ್ದನ್ನು ನೋಡಿದ, ಯಾರಿಗೂ ಹೇಳಲಿಲ್ಲ.

ಸುಜನ್ ಎರಡೂ ಗೆರೆಗಳನ್ನು ಅಕ್ಕಪಕ್ಕ ಇಟ್ಟ. ಎರಡರಲ್ಲೂ ಮೊದಲ ಅಲೆ, ಐದಾರು ಸೆಕೆಂಡು ಬಿಟ್ಟು ಎರಡನೇ ಅಲೆ. ಕಂಪನ ಅದೇ. ದೂರವೂ ಹೆಚ್ಚು ಕಡಿಮೆ ಅಷ್ಟೇ. ಎರಡನೇ ಅಲೆ ಬಂದ ಏಳು ಸೆಕೆಂಡಿಗೆ ಗುಡ್ಡದ ಮೇಲಿನ ಗೆರೆ ಅಡಗಿತ್ತು. ಖಾಡಿಯ ಗೆರೆ ಅದರ ಆರು ಪಟ್ಟು ಎತ್ತರಕ್ಕೆ ಹಾರಿ, ಇಪ್ಪತ್ತೆರಡು ಸೆಕೆಂಡು ಕುಣಿದಿತ್ತು.

ತನ್ನ ಎರಡು ಸಾಲನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಅವನು ಕಚೇರಿಯಲ್ಲಿ ಹೇಳಿದ.

ಮೇಲಿನವರು ಒಪ್ಪಲಿಲ್ಲ. ಕೊಟ್ಟ ವರದಿ ಹಿಂದಕ್ಕೆ ತೆಗೆದುಕೊಂಡರೆ ಕಚೇರಿಯ ಮಾನ ಏನಾಗಬೇಕು ಎಂದರು. ಸುಜನ್ ತನ್ನ ಹೆಸರಿನಲ್ಲೇ ಬರೆದು, ತಾನೇ ಒಯ್ದು ಪೊಲೀಸರಿಗೆ ಕೊಟ್ಟ. 'ಮೊದಲ ವರದಿಯಲ್ಲಿ ತಪ್ಪು ನನ್ನದು.' ಆ ಸಾಲಿನ ಕೆಳಗೆ ಸಹಿ ಹಾಕಿದ್ದ. ನಾಳೆಯಿಂದ ಬರಬೇಡ ಎಂದು ಕಚೇರಿಯಲ್ಲಿ ಹೇಳಿದರು.

ಭಾನುವಾರ ಮಧ್ಯಾಹ್ನ ವರದಿಯ ಪ್ರತಿ ಹಿಡಿದು ಚಾಳಿಗೆ ಬಂದ. ದಾನೇಶ್ವರಿ ರೊಟ್ಟಿ ಬಡಿಯುತ್ತಿದ್ದಳು. ಯಂಕಪ್ಪ ಗೋಡೆಗೆ ಒರಗಿ ಕೂತಿದ್ದ. ಸುಜನ್ ಅವನೆದುರು ನೆಲದ ಮೇಲೆ ಕೂತು ನಿಧಾನವಾಗಿ ಓದಿ ಹೇಳಿದ. ಓದಿ ಮುಗಿಸಿ, ಮೇಸ್ತ್ರಿಯ ಪಾದ ಮುಟ್ಟಿದ.

"ನನ್ನನ್ನು ಕ್ಷಮಿಸಿ. ನಿಮ್ಮ ಗೋಡೆ ಸರಿಯಾಗಿಯೇ ಇತ್ತು."

ದಾನೇಶ್ವರಿಯ ಕೈ ಹಿಟ್ಟಿನ ಮೇಲೆ ನಿಂತಿತು. ಎಷ್ಟು ದಿನದ ಮೇಲೆ ಅವಳು ಉಸಿರು ಬಿಟ್ಟಳು! ಈಗ ಅಪ್ಪ ನಗುತ್ತಾನೆ, ಈಗ ಅಳುತ್ತಾನೆ, ಏನಾದರೊಂದು ಮಾಡುತ್ತಾನೆ...

ಯಂಕಪ್ಪ ಬಹಳ ಹೊತ್ತು ಹಾಳೆಯನ್ನು ನೋಡಿದ. ಓದಲು ಅವನಿಗೆ ಬರುತ್ತಿರಲಿಲ್ಲ. ಎರಡು ಗೆರೆಗಳನ್ನು ನೋಡಿದ.

"ಇದು ಇಷ್ಟು ಹಾರಿದ್ದು ಕೆಸರಿಗೆ?"

"ಹೌದು. ಕೆಸರಿಗೆ. ನಿಮ್ಮ ಕೈಯ ತಪ್ಪಲ್ಲ."

"ಕೆಸರು ನನಗ ಗೊತ್ತಿತ್ತಪ್ಪ."

ರೊಟ್ಟಿ ಹಂಚಿನ ಮೇಲೆ ಸೀಯುತ್ತಿತ್ತು. ಯಾರೂ ತಿರುವಲಿಲ್ಲ.

"ಪಾಯಾ ತೋಡೂಮುಂದ ಸಲಿಕಿ ಹಾಕಿದಲ್ಲೆಲ್ಲ ನೀರು ಬಂತು. ಇನ್ನ ಆಳ ಹೋಗಬೇಕ್ರಿ ಅಂತ ಬಿಲ್ಡರ್ ಸಾಹೇಬಗ ಹೇಳಿದೆ. ಸುಮ್ಮನ ಕಟ್ಟು, ಇಲ್ಲಂದ್ರ ನಾಕಾದಾಗ ಬ್ಯಾರೆ ಮೇಸ್ತ್ರಿ ಸಿಗ್ತಾರ ಅಂದ. ನಾ ಎರಡನೇ ಸಲ ಹೇಳಲಿಲ್ಲ. ಕಟ್ಟಿದೆ." ಅವನ ದನಿಯಲ್ಲಿ ಏರಿಳಿತವಿರಲಿಲ್ಲ. "ಆಮ್ಯಾಲ, ಸಾಬವ್ವ ಬಿಸಲಾಗ ಕುಂತಿದ್ಲು. ಇಲ್ಲಿ ಬಾ, ನನ್ನ ಗ್ವಾಡಿ ನೆರಳಿಗೆ ಕುಂದ್ರು ಅಂತ ಕರದಾವ ನಾನ."

"ಇಷ್ಟು ದಿನ ಯಾಕ ಹೇಳಲಿಲ್ಲ ಅಪ್ಪಾ?"

"ನೀ ನನ್ನ ಸಲುವಾಗಿ ಜಗಳಾಡಾಕ ಹೋಗಿದ್ದಿ. ಹೆಂಗ ಹೇಳ್ಲಿ?"

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಕೆಸರು ಮರೆತು ಬರೆದ ಸುಜನ್‌ನನ್ನು ಆರು ಜನರ ಎದುರು ಸುಟ್ಟಿದ್ದಳು. ಅಪ್ಪ ಮರೆತಿರಲೇ ಇಲ್ಲ. ಎಲ್ಲ ಗೊತ್ತಿದ್ದೂ ಇಷ್ಟು ದಿನ ಕರಣಿ ತೊಳೆಯುತ್ತ ಕೂತಿದ್ದ.

ಯಂಕಪ್ಪ ಎದ್ದ. ಕೈಕಾಲು ತೊಳೆದುಕೊಂಡ. ಗೂಟದ ಮೇಲಿನ ಬಿಳಿ ಅಂಗಿ ಹಾಕಿಕೊಂಡು ಗುಂಡಿಗಳನ್ನೆಲ್ಲ ಹಾಕಿದ, ಕುತ್ತಿಗೆಯವರೆಗೂ. ವರದಿಯನ್ನು ನಾಲ್ಕು ಮಡಿಕೆ ಮಾಡಿ ಕರಣಿಯ ಕೆಳಗೆ ಇಟ್ಟ.

"ಸಿದ್ರಾಮನ ಕಡೆ ಹೋಗ್ತೀನಿ. ಅವಗ ನನ್ನ ಬಾಯಿಲೆ ಗೊತ್ತಾಗಬೇಕು."

"ಉಂಡು ಹೋಗಪ್ಪಾ."

"ಬಂದ ಮ್ಯಾಲ. ಮುಚ್ಚಿಡು."

ಸುಜನ್ ಚಪ್ಪಲಿ ಮೆಟ್ಟಲು ಎದ್ದ. ಯಂಕಪ್ಪ ಅವನ ಭುಜದ ಮೇಲೆ ಕೈಯಿಟ್ಟು ಕೂರಿಸಿದ. ಸಿಮೆಂಟಿನಿಂದ ಒರಟಾದ, ಭಾರದ ಕೈ.

"ನೀ ಇಲ್ಲೇ ಕುಂದ್ರು. ಆಕಿ ಒಬ್ಬಾಕಿನ ಅದಾಳ."

ಬಾಗಿಲು ದಾಟಿ ಹೋದ. ಗಲ್ಲಿಯ ತಿರುವಿನಲ್ಲಿ ಬಿಳಿ ಅಂಗಿ ಒಮ್ಮೆ ಕಂಡಿತು, ಅಷ್ಟೆ.

ಐದು ಗಂಟೆಗೆ ದಾನೇಶ್ವರಿ ಸಿದ್ರಾಮನಿಗೆ ಫೋನು ಮಾಡಿದಳು. ಅವನು ಹೇಳಿದ. ಮೇಸ್ತ್ರಿ ಬಂದಿದ್ದ, ಎಲ್ಲ ಹೇಳಿದ, ಕೈ ಮುಗಿದ. ನೀರು ಕೊಟ್ಟೆ, ಕುಡಿದ. ಮೂರು ಗಂಟೆಗೇ ಹೊರಟ.

ಅಪ್ಪನ ಫೋನು ಗೋಡೆಯ ಗೂಡಿನಲ್ಲೇ ಇತ್ತು.

ಇಬ್ಬರೂ ರೈಲು ಸ್ಟೇಷನ್ನಿಗೆ ಹೋದರು, ನಾಕಾಕ್ಕೆ ಹೋದರು, ಗೋಡೆ ಬಿದ್ದ ಜಾಗಕ್ಕೂ ಹೋದರು. ಒಲೆಯ ಮೂರು ಕಲ್ಲುಗಳನ್ನು ಯಾರೋ ಮತ್ತೆ ನೆಟ್ಟಗೆ, ಅಳತೆಗೆ ಹೂಡಿಟ್ಟಿದ್ದರು. ಬೇರೇನೂ ಸಿಗಲಿಲ್ಲ. ಮುಂದಿನ ವಾರ ಕಲ್ಯಾಣ, ಉಲ್ಹಾಸನಗರ, ಊರಿನ ಕಡೆಯ ಜನ, ಎಲ್ಲೆಲ್ಲಿ ಕೇಳಲು ಸಾಧ್ಯವೋ ಅಲ್ಲೆಲ್ಲ ಕೇಳಿದರು. ಯಂಕಪ್ಪ ಅವತ್ತು ಬರಲಿಲ್ಲ. ಆಮೇಲೂ ಬರಲಿಲ್ಲ.

ಆದರೆ ಆ ಭಾನುವಾರ ಸಂಜೆ ಅವರಿಗೆ ಅದು ಗೊತ್ತಿರಲಿಲ್ಲ. ಹುಡುಕಿ ಸೋತು ಬಂದು, ಬಾಗಿಲು ತೆರೆದಿಟ್ಟು, ಹೊಸ್ತಿಲ ಎರಡು ಬದಿಗೆ ಕೂತಿದ್ದರು. ಒಳಗೆ ತಾಟು ಮುಚ್ಚಿಟ್ಟಿತ್ತು.

"ನೀ ಹೋಗು. ನಿಮ್ಮವ್ವ ದಾರಿ ನೋಡ್ತಿರ್ತಾರ."

"ನೋಡಲಿ. ನಿನ್ನ ಅಪ್ಪ ಕೂರು ಅಂದಿದ್ದಾರೆ."

"ಕೆಲಸ ಹೋತಂತ?"

"ಹೂಂ."

"ನಾ ಅವತ್ತು ಅಲ್ಲಿ ಹಂಗ ಅನ್ನಬಾರದಿತ್ತು."

"ನೀನು ಅನ್ನದಿದ್ದರೆ, ಸ್ಟೇಷನ್ನಿನಲ್ಲಿ ಚಹಾ ನಡುಗಿದಾಗ ನನಗೆ ಕೊಡ ನೆನಪಾಗ್ತಿರಲಿಲ್ಲ."

ಅವಳು ಕೈ ಚಾಚಿದಳು. ಈ ಸಲ ಅವನು ಹಿಡಿದುಕೊಂಡ. ದೂರದಲ್ಲಿ ಮಾಲಗಾಡಿ ಹೋಯಿತು. ಒಳಗೆ ಕೊಡದ ನೀರು ಸಣ್ಣಗೆ ನಡುಗಿತು. ಇಬ್ಬರೂ ಒಟ್ಟಿಗೆ ಗಲ್ಲಿಯ ತಿರುವಿನ ಕಡೆ ನೋಡಿದರು.

"ರೊಟ್ಟಿ ಗಟ್ಟಿ ಆಗಿರ್ತಾವ. ತಾಟು ತೆಗದಿಡ್ಲೇನು?"

"ಬೇಡ ದಾನಿ. ಇರಲಿ."